ಗೋಕಾಕದ ಖಡ್ಗಮೃಗ ಮತ್ತು ಬ್ರೂಸ್ ಫೂಟ್

ಗೋಕಾಕ ಅಂದ್ರೆ ನಮಗೆ ಫಾಲ್ಸ್, ಕರದಂಟು. ಒಂದು ಕಾಲದಲ್ಲಿ ಅಲ್ಲಿ ಖಡ್ಗಮೃಗಗಳೂ ಓಡಾಡುತ್ತಿದ್ದವು ಅಂದ್ರೆ ನಂಬ್ತೀರಾ? ಅದನ್ನು ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾ ಸೇರಿದರು. ಅವರ ಡ್ಯೂಟಿ ಬಂಡೆ, ಅದಿರುಗಳ ನಕ್ಷೆ ಮಾಡುವುದು. ಪುರಾತತ್ವ ಸಂಬಳದ ಕೆಲಸ ಅಲ್ಲ, ಮನಸ್ಸಿಗೆ ಹತ್ತಿದ ಹುಚ್ಚು.

ಆಗಷ್ಟೇ ಫ್ರಾನ್ಸಿನಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳು ಮನುಷ್ಯ ಬಹಳ ಹಳಬ ಅಂತ ತೋರಿಸಿದ್ದವು. ಆ ಸುದ್ದಿ ಓದಿದ್ದ ಫೂಟ್‌ಗೆ 1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ಅಂಥದ್ದೇ ಕಲ್ಲು ಸಿಕ್ಕಿತು. ಹಳೆ ಶಿಲಾಯುಗದ ಮನುಷ್ಯ ಭಾರತದಲ್ಲೂ ಇದ್ದ ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ. ಅದೇ ವರ್ಷ ಅವರು ಮತ್ತು ಸಹೋದ್ಯೋಗಿ ವಿಲಿಯಂ ಕಿಂಗ್ ಅತ್ತಿರಂಪಾಕ್ಕಂನಲ್ಲೂ ಇಂಥ ಕಲ್ಲುಗಳನ್ನು ಕಂಡರು. ಅಲ್ಲಿನ ಹಳೆಯ ಪದರಕ್ಕೆ ಸುಮಾರು 15 ಲಕ್ಷ ವರ್ಷ ಅಂತ 2011ರಲ್ಲಿ ಗೊತ್ತಾಯಿತು.

ಮುಂದೆ ಸರ್ವೆ ನಮ್ಮ ಕಡೆ ಬಂತು. ಗೋಕಾಕದ ಹತ್ತಿರ ಹಳ್ಳದ ಮಣ್ಣಿನಲ್ಲಿ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು. 1874ರಲ್ಲಿ ಫೂಟ್ ಅದಕ್ಕೆ ರೈನೊಸೆರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟು ವಿವರಿಸಿದರು. ಅಂದ್ರೆ ನಾಗನೂರ, ಮೂಡಲಗಿ, ಗೋಕಾಕದ ಈ ಬಯಲಿನಲ್ಲಿ ಅಷ್ಟು ದೊಡ್ಡ ಪ್ರಾಣಿಗೆ ಸಾಕಾಗುವಷ್ಟು ನೀರು, ಮೇವು ಇತ್ತು. ಈ ಸೀಮೆಯ ಶಿಲೆಗಳ ಬಗ್ಗೆ ಅವರ ದೊಡ್ಡ ವರದಿ 1876ರಲ್ಲಿ ಬಂತು. ನಮ್ಮ ಚಿನ್ನ, ಕಬ್ಬಿಣದ ಅದಿರಿರುವ ಹಳೆ ಶಿಲಾಸಮೂಹಕ್ಕೆ ಧಾರವಾಡದ ಹೆಸರು ಕೊಟ್ಟವರೂ ಅವರೇ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಕಥೆಗೆ ಜೋಡಿಸಿದ್ದರು. ಫೂಟ್ ನೋಡಿ, ಇದು ದನದ ಸಗಣಿ ಸುಟ್ಟ ಬೂದಿ ಅಂದರು. 20ನೇ ಶತಮಾನದ ಪರೀಕ್ಷೆಗಳು ಅದನ್ನೇ ಖಚಿತಪಡಿಸಿದವು. ಕುಪ್ಪಗಲ್ಲಿನ ಬೆಟ್ಟದಲ್ಲಿ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗವನ್ನೂ ದಾಖಲಿಸಿದರು.

1891ರಲ್ಲಿ ಸರ್ವೆಯಿಂದ ನಿವೃತ್ತರಾದ ಮೇಲೆ ಬರೋಡಾ, ಮೈಸೂರು ಸಂಸ್ಥಾನಗಳಿಗೂ ದುಡಿದರು. 1904ರಲ್ಲಿ ಅವರ ಸಂಗ್ರಹ ಮದ್ರಾಸ್ ಮ್ಯೂಸಿಯಂ ಸೇರಿತು. ಯಾವ ವಸ್ತು ಯಾವ ಊರಲ್ಲಿ ಸಿಕ್ಕಿತು ಅಂತ ಪಟ್ಟಿ ಮಾಡಿದರು. 1912ರ ಡಿಸೆಂಬರ್ 29ರಂದು ತೀರಿಕೊಂಡರು. ಪಟ್ಟಿ ಅಚ್ಚಾಗಿದ್ದು ಆಮೇಲೆ. ಊರಿನ ಹೆಸರು ಬರೆದಿಟ್ಟಿದ್ದರಿಂದಲೇ ಸಂಶೋಧಕರು ಮತ್ತೆ ಆ ಜಾಗಗಳಿಗೆ ಹೋಗಲು ಸಾಧ್ಯವಾಯಿತು. ಲ್ಯಾಬ್ ರೆಕಾರ್ಡ್ ಬರೆಯೋಕೆ ಬೇಜಾರಾದಾಗ ಇದು ನೆನಪಿರಲಿ.