ತೋಟಗಾರ ಚೆಕಾಫ್

ಆಂಟನ್ ಚೆಕಾಫನ ಹೆಸರನ್ನು ಕೇಳದ ಸಾಹಿತ್ಯ ವಿದ್ಯಾರ್ಥಿ ವಿರಳ. ಸಣ್ಣ ಕತೆಯ ಸಾಮ್ರಾಟನೆಂದೂ ಆಧುನಿಕ ನಾಟಕದ ಪ್ರವರ್ತಕರಲ್ಲಿ ಒಬ್ಬನೆಂದೂ ಅವನನ್ನು ನಾವು ತರಗತಿಗಳಲ್ಲಿ ಓದುತ್ತೇವೆ. ವೃತ್ತಿಯಿಂದ ಅವನು ವೈದ್ಯನೆಂಬುದೂ ಬಹುಮಂದಿಗೆ ತಿಳಿದ ಸಂಗತಿ. ಆದರೆ ಅವನು ತೋಟಗಾರನೂ ಆಗಿದ್ದನು. ತನ್ನ ಅಲ್ಪಾಯುಷ್ಯದಲ್ಲಿ ಎರಡು ಬಾರಿ, ಎರಡು ಬೇರೆ ಬೇರೆ ಹವೆಗಳಲ್ಲಿ, ಸೊರಗಿದ ನೆಲವನ್ನು ಕೊಂಡು ಹಸುರುಗೊಳಿಸಿದನು. ಅವನ ಬಾಳಿನ ಈ ಮುಖವನ್ನು ವಾಚಕರ ಮುಂದಿಡುವುದೇ ನನ್ನ ಉದ್ದೇಶ.

ಚೆಕಾಫ್ ೧೮೬೦ರಲ್ಲಿ ಅಜೋವ್ ಸಮುದ್ರದ ದಡದ ಟಾಗನ್‌ರಾಗ್ ಪಟ್ಟಣದಲ್ಲಿ ಜನಿಸಿದನು. ಅವನ ಅಜ್ಜ ಜೀತದಾಳು. ಹಣ ಕೂಡಿಟ್ಟು ೧೮೪೧ರಲ್ಲಿ ತನ್ನ ಕುಟುಂಬದ ಬಿಡುಗಡೆಯನ್ನು ಕೊಂಡವನು. ತಂದೆ ಪಾವೆಲ್ ದಿನಸಿ ಅಂಗಡಿಯನ್ನಿಟ್ಟಿದ್ದನು. ೧೮೭೬ರಲ್ಲಿ ಅವನು ದಿವಾಳಿಯಾಗಿ ಮಾಸ್ಕೋಗೆ ಓಡಿಹೋಗಬೇಕಾಯಿತು; ಇದ್ದ ಮನೆ ಪರರ ಪಾಲಾಯಿತು. ಹದಿನಾರರ ಬಾಲಕ ಆಂಟನ್ ಊರಿನಲ್ಲಿ ಒಬ್ಬನೇ ಉಳಿದು, ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುತ್ತ ತನ್ನ ಓದನ್ನು ಮುಗಿಸಿದನು. ಮುಂದೆ ಮಾಸ್ಕೋದಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಲೇ ಪತ್ರಿಕೆಗಳಿಗೆ ಹಾಸ್ಯಕತೆಗಳನ್ನು ಬರೆದು ಇಡೀ ಸಂಸಾರವನ್ನು ಸಲಹಿದನು. ೧೮೮೪ರಲ್ಲಿ ವೈದ್ಯ ಪದವಿ ದೊರೆಯಿತು. ಅದೇ ವರ್ಷ ಮೊದಲ ಬಾರಿಗೆ ಕೆಮ್ಮಿನೊಡನೆ ರಕ್ತವೂ ಕಾಣಿಸಿಕೊಂಡಿತು.

ಇದ್ದ ಮನೆಯನ್ನೂ ಕಳೆದುಕೊಂಡ ಈ ಸಂಸಾರಕ್ಕೆ ನೆಲೆಯೊಂದನ್ನು ಮಾಡಬೇಕೆಂಬ ಹಂಬಲದಿಂದ ಚೆಕಾಫ್ ೧೮೯೨ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೊವೊ ಎಂಬ ಹಳ್ಳಿಯಲ್ಲಿ ಜಮೀನನ್ನು ಕೊಂಡನು. ಬೆಲೆ ೧೩,೦೦೦ ರೂಬಲ್. ಅದರಲ್ಲಿ ಬಹುಪಾಲು ಸಾಲ. ವ್ಯವಹಾರ ನಡೆದುದು ಚಳಿಗಾಲದಲ್ಲಿ. ಹಿಮ ಕರಗಿದ ಮೇಲೆಯೇ ನೆಲದ ನಿಜಸ್ಥಿತಿ ಕಣ್ಣಿಗೆ ಬಿದ್ದುದು. ಮನೆ ಹಳೆಯದು, ತೋಟ ಪಾಳು, ಕಾಡನ್ನು ಅಲ್ಲಲ್ಲಿ ಕಡಿದುಹಾಕಿ ಬೋಳು ಮಾಡಿದ್ದರು.

ಮನೆಮಂದಿ ಕೆಲಸವನ್ನು ಹಂಚಿಕೊಂಡ ರೀತಿ ಮೆಚ್ಚತಕ್ಕದ್ದು. ತಮ್ಮ ಮಿಖಾಯಿಲನಿಗೆ ಹೊಲ. ತಂಗಿ ಮಾರಿಯಾಳಿಗೆ ತರಕಾರಿ ಮಡಿಗಳು. ಬೆಚ್ಚನೆಯ ನಾಡಿನ ಕಾಯಿಪಲ್ಯಗಳೂ ಬೆಳೆಯುತ್ತಿದ್ದ ಆ ಮಡಿಗಳಿಗೆ ಅವರು ದಕ್ಷಿಣ ಫ್ರಾನ್ಸ್ ಎಂದು ತಮಾಷೆಯ ಹೆಸರಿಟ್ಟಿದ್ದರು. ವೃದ್ಧ ತಂದೆ ಮಳೆ, ಚಳಿ, ಬಿತ್ತನೆ, ಬಂದ ಅತಿಥಿಗಳು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದನು. ಆಂಟನ್ ತನಗಾಗಿ ಆರಿಸಿಕೊಂಡದ್ದು ಗಿಡಮರಗಳನ್ನು. ಮೊದಲ ವರ್ಷದ ಶರತ್ಕಾಲದೊಳಗೇ ೮೦ ಸೇಬಿನ ಸಸಿಗಳೂ ೬೦ ಚೆರ್ರಿ ಸಸಿಗಳೂ ನೆಲವನ್ನು ಸೇರಿದುವು. ಅದೇ ಕಾಲದಲ್ಲಿ ಹೊಸ ಕೊಳವೊಂದನ್ನು ತೋಡಿಸಿದರು. ವಸಂತದಲ್ಲಿ ಹಿಮ ಕರಗಿದಾಗ ಅದರಲ್ಲಿ ಸುಮಾರು ಏಳು ಅಡಿ ನೀರು ನಿಲ್ಲಬೇಕೆಂಬುದು ಲೆಕ್ಕಾಚಾರ. ಕಾಡು ಕಡಿದ ಬೋಳು ಜಾಗಗಳಲ್ಲಿ ಪೈನ್, ಓಕ್, ಲಾರ್ಚ್, ಮೇಪಲ್ ಮರಗಳ ಬೀಜಗಳನ್ನು ಬಿತ್ತಿದನು. ಸೇಬು ಫಲಕ್ಕೆ ಬರಲು ನಾಲ್ಕಾರು ವರ್ಷ ಬೇಕು. ಬೀಜದಿಂದೆದ್ದ ಓಕ್ ಮರವಾಗಲು ಒಂದು ತಲೆಮಾರೇ ಬೇಕು. ತನ್ನ ಶ್ವಾಸಕೋಶದ ಸ್ಥಿತಿಯನ್ನು ಅರಿಯದ ವೈದ್ಯನಲ್ಲ ಅವನು. ಆದರೂ ಓಕ್ ಬೀಜವನ್ನೇ ಬಿತ್ತಿದನು.

ಗಿಡಗಳಿಗೆ ಮಾತ್ರವೇ ಅವನ ಆರೈಕೆ ಮೀಸಲಾಗಿರಲಿಲ್ಲ. ೧೮೯೨ರಲ್ಲಿ ಕಾಲರಾ ಹಬ್ಬುವ ಭೀತಿ ಬಂದಾಗ ೨೫ ಹಳ್ಳಿಗಳ ಹೊಣೆಯನ್ನು ಸಂಬಳವಿಲ್ಲದೆ ಹೊತ್ತನು. ಸುತ್ತಲಿನ ರೈತರ ಮಕ್ಕಳಿಗಾಗಿ ಮೂರು ಶಾಲೆಗಳನ್ನು ಕಟ್ಟಿಸಿದನು. ತೋಟದ ನಡುವಣ ಒಂದು ಪುಟ್ಟ ಮನೆಯಲ್ಲಿ ಕುಳಿತು ‘ಸೀಗಲ್’ ನಾಟಕವನ್ನು ಬರೆದನು. ೧೮೯೭ರಲ್ಲಿ ಅಚ್ಚಾದ ‘ಅಂಕಲ್ ವಾನ್ಯಾ’ ನಾಟಕದಲ್ಲಿ ಆಸ್ಟ್ರೋವ್ ಎಂಬ ವೈದ್ಯನಿದ್ದಾನೆ. ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಕಾಡು ಬೆಳೆಸುವವನು. ಐವತ್ತು ವರ್ಷಗಳಲ್ಲಿ ತನ್ನ ಜಿಲ್ಲೆಯ ಕಾಡೂ ಪ್ರಾಣಿಪಕ್ಷಿಗಳೂ ಹೇಗೆ ಕ್ಷೀಣಿಸಿದುವೆಂಬುದನ್ನು ನಕ್ಷೆ ಬರೆದು ತೋರಿಸುವವನು. ಕಾಡಿದ್ದರೆ ಹವೆ ಸೌಮ್ಯವಾಗುವುದೆಂದೂ, ಹವೆ ಸೌಮ್ಯವಾದಲ್ಲಿ ಮನುಷ್ಯನೂ ಸೌಮ್ಯನಾಗುವನೆಂದೂ ನಂಬಿದ ಪಾತ್ರವಿದು. ಮೆಲಿಖೊವೊದ ಬೋಳು ಜಾಗಗಳಲ್ಲಿ ಬೀಜ ಬಿತ್ತಿದ ಕೈಯೇ ಆ ಪಾತ್ರವನ್ನು ಬರೆದುದೆಂದು ತಿಳಿದಾಗ ನಾಟಕಕ್ಕೆ ಬೇರೆಯೇ ಬೆಲೆ ಬರುತ್ತದೆ.

ಅದೇ ೧೮೯೭ರ ಮಾರ್ಚಿಯಲ್ಲಿ ಅವನ ಶ್ವಾಸಕೋಶದಿಂದ ತೀವ್ರ ರಕ್ತಸ್ರಾವವಾಯಿತು. ಕ್ಷಯವೆಂದು ನಿರ್ಣಯಿಸಿದ ವೈದ್ಯರು ಬೆಚ್ಚನೆಯ ದಕ್ಷಿಣಕ್ಕೆ ಹೋಗಬೇಕೆಂದರು. ಸೇಬಿನ ಗಿಡಗಳಿಗೆ ಆಗ ಐದನೆಯ ವರ್ಷ. ಮರು ವರ್ಷ ತಂದೆ ತೀರಿಕೊಂಡನು. ೧೮೯೯ರಲ್ಲಿ ಮೆಲಿಖೊವೊ ಮಾರಾಟವಾಯಿತು; ಕೊಂಡವನು ಮರದ ವ್ಯಾಪಾರಿ. ಹಣ್ಣಿನ ತೋಟದ ಬಹುಭಾಗವನ್ನು ಅವನು ಕಡಿಸಿದನೆಂಬ ಸುದ್ದಿ ಚೆಕಾಫನನ್ನು ಮುಟ್ಟಿ ಬಹಳ ನೋಯಿಸಿತು.

ಇಂತಹ ಪೆಟ್ಟು ತಿಂದವನು ಮತ್ತೆ ಗುದ್ದಲಿ ಹಿಡಿಯುವುದು ಕಷ್ಟ. ಚೆಕಾಫ್ ಹಿಡಿದನು. ಕ್ರೈಮಿಯಾದ ಯಾಲ್ಟಾ ಬಳಿ ಔಟ್ಕಾ ಎಂಬಲ್ಲಿ ೧೮೯೮ರಲ್ಲೇ ಒಂದು ತುಂಡು ನೆಲವನ್ನು ಕೊಂಡಿದ್ದನು: ಇಳಿಜಾರು, ಕಲ್ಲು, ಮುಳ್ಳುಗಳ್ಳಿ ತುಂಬಿದ ಹಾಳು ದ್ರಾಕ್ಷಿತೋಟ, ಪಕ್ಕದಲ್ಲಿ ತಾತಾರರ ಸ್ಮಶಾನ. ನೀರಿಗೆ ತೊಂದರೆ. ಮನೆ ಎದ್ದೇಳುವ ಮೊದಲೇ ಗಿಡ ನೆಡುವುದು ಆರಂಭವಾಯಿತು. ಹಿಪ್ಪುನೇರಳೆ, ಬಾದಾಮಿ, ಚೆರ್ರಿ, ಸೈಪ್ರೆಸ್, ಜೊತೆಗೆ ನೂರು ಗುಲಾಬಿ. ವರ್ಷದ ಯಾವ ತಿಂಗಳಲ್ಲಿಯೂ ತೋಟದ ಒಂದು ಮೂಲೆಯಲ್ಲಾದರೂ ಹೂವಿರಬೇಕೆಂಬುದು ಅವನ ಯೋಜನೆ. ನೂರೈವತ್ತಕ್ಕೂ ಮಿಕ್ಕ ಸಸ್ಯಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ, ರೋಗಿಗಳ ಪಟ್ಟಿಯಷ್ಟೇ ಅಚ್ಚುಕಟ್ಟಾಗಿ, ಬರೆದಿಟ್ಟನು.

ಈ ಮನೆಯಲ್ಲಿಯೇ ಅವನು ಕೊನೆಯ ನಾಟಕ ‘ಚೆರ್ರಿ ತೋಟ’ವನ್ನು ಬರೆದು ಮುಗಿಸಿದನು. ಹಳೆಯ ರಷ್ಯನ್ ಪಂಚಾಂಗದಂತೆ ೧೯೦೪ರ ಜನವರಿ ೧೭ರಂದು, ಅವನ ೪೪ನೆಯ ಹುಟ್ಟುಹಬ್ಬದ ದಿನ, ಅದರ ಪ್ರಥಮ ಪ್ರಯೋಗ ಮಾಸ್ಕೋದಲ್ಲಿ ನಡೆಯಿತು. ಸಾಲದಲ್ಲಿ ಮುಳುಗಿದ ಮನೆತನ ತೋಟವನ್ನು ಕಳೆದುಕೊಳ್ಳುತ್ತದೆ. ಜೀತದಾಳಿನ ವಂಶದ ಲೊಪಾಖಿನ್ ಅದನ್ನು ಕೊಳ್ಳುತ್ತಾನೆ. ಕೊನೆಗೆ ಕೇಳಿಬರುವುದು ಕೊಡಲಿಯ ಸದ್ದು. ಚೆಕಾಫ್ ಸ್ವತಃ ಜೀತದಾಳಿನ ಮೊಮ್ಮಗ, ಭೂಮಿ ಕೊಂಡವನು, ತೋಟ ಕಳೆದುಕೊಂಡವನು. ಆ ನಾಟಕದಲ್ಲಿ ಯಾರನ್ನೂ ಖಳನನ್ನಾಗಿ ಮಾಡದಿರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಅದೇ ವರ್ಷದ ಜುಲೈ ೧೫ರಂದು ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಅವನು ಕಣ್ಣು ಮುಚ್ಚಿದನು.

ಯಾಲ್ಟಾದ ತೋಟ ಮಾತ್ರ ಅಳಿಯಲಿಲ್ಲ. ಕ್ರಾಂತಿ, ಎರಡನೆಯ ಮಹಾಯುದ್ಧ, ಜರ್ಮನರ ಆಕ್ರಮಣ ಎಲ್ಲದರ ನಡುವೆ ತಂಗಿ ಮಾರಿಯಾ ಆ ಮನೆಯನ್ನೂ ಗಿಡಗಳನ್ನೂ ೧೯೫೭ರಲ್ಲಿ ತಾನು ತೀರಿಕೊಳ್ಳುವವರೆಗೆ ಕಾಯ್ದಳು. ಮೆಲಿಖೊವೊದಲ್ಲಿಯೂ ಮುಂದೆ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಬಳಿಯ ಲೊಪಾಸ್ನ್ಯಾ ಪಟ್ಟಣಕ್ಕೆ ೧೯೫೪ರಲ್ಲಿ ಚೆಕಾಫನ ಹೆಸರನ್ನೇ ಇಟ್ಟರು.

ನೆಟ್ಟವನಿಗೇ ನೆರಳು ದೊರೆಯಬೇಕೆಂಬ ನಿಯಮವಿಲ್ಲ. ಉಳಿದ ತೋಟ ಉಳಿದುದು ಆಯುಷ್ಯವಿದ್ದವಳೊಬ್ಬಳು ಅದಕ್ಕೆ ನಿತ್ಯ ನೀರೆರೆದುದರಿಂದ. ಚೆಕಾಫನ ಕತೆ ನಾಟಕಗಳನ್ನು ಓದುವ ಸಹಪಾಠಿಗಳು ಅವನ ಜೊತೆಗೆ ಮಾರಿಯಾಳನ್ನೂ ನೆನೆಯಬೇಕೆಂದು ಕೋರುತ್ತೇನೆ.