ರೂಸ್‌ವೆಲ್ಟ್ ಬಿಪಿ: ಹತ್ತು ವರ್ಷ ಏರಿದ ಅಂಕಿ, ಮತದಾರರಿಗೆ ಕಾಣದ ಚಾರ್ಟ್

1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ತೆಗೆದ ಆ ಫೋಟೊವನ್ನು ನೀವು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಸಾಲಾಗಿ ಕೂತ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್. ಯುದ್ಧ ಮುಗಿದ ಮೇಲೆ ಯುರೋಪು ಹೇಗಿರಬೇಕು ಅಂತ ತೀರ್ಮಾನಿಸಲು ಕೂತ ಮೂವರು. ಈ ಮೂವರೂ ಕೊನೆಗೆ ಸತ್ತಿದ್ದು ಒಂದೇ ಕಾಯಿಲೆಯಿಂದ. ಡಾಕ್ಟರುಗಳು ಸ್ಟ್ರೋಕ್ ಅಂತಾರೆ, ನಮ್ಮ ಕಡೆ ಲಕ್ವ ಹೊಡೆಯಿತು ಅಂತಾರೆ. ಸ್ಟಾಲಿನ್ 1953ರ ಮಾರ್ಚ್‌ನಲ್ಲಿ, ಚರ್ಚಿಲ್ 1965ರ ಜನವರಿಯಲ್ಲಿ, ತೊಂಬತ್ತು ದಾಟಿದ ಮೇಲೆ. ರೂಸ್‌ವೆಲ್ಟ್ ಮಾತ್ರ ಆ ಫೋಟೊ ತೆಗೆದ ಎರಡೇ ತಿಂಗಳಿಗೆ, 63ನೇ ವಯಸ್ಸಿನಲ್ಲಿ.

ಚರ್ಚಿಲ್ ಮತ್ತು ಸ್ಟಾಲಿನ್ ಬಗ್ಗೆ ಇನ್ನೊಮ್ಮೆ ಬರೆಯಬಹುದು. ನನಗೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಗ್ಗೆ ಬರೆಯಬೇಕು ಅನ್ನಿಸಿದ್ದು ಅವರ ಭಾಷಣಗಳಿಂದಲ್ಲ, ಅವರ ಬಿಪಿ ಅಂಕಿಗಳಿಂದ. ಎಂಜಿನಿಯರಿಂಗ್ ಓದಿದವನಿಗೆ ಅಂಕಿಗಳ ಪಟ್ಟಿ ಕಂಡರೆ ಅದನ್ನು ಗ್ರಾಫ್ ಮಾಡಿ ನೋಡುವ ಚಟ ಇರುತ್ತೆ. ಈ ಗ್ರಾಫ್ ಹೀಗಿದೆ: 1935ರಲ್ಲಿ 136/78. 1937ರಲ್ಲಿ 162/98. 1941ರ ಫೆಬ್ರವರಿಯಲ್ಲಿ 188/105. ಆಮೇಲೆ ಮೂರು ವರ್ಷ ಖಾಲಿ. ಅಮೆರಿಕ ಯುದ್ಧಕ್ಕೆ ಇಳಿದು, ಅರ್ಧ ಜಗತ್ತಿನ ಸೈನ್ಯಗಳಿಗೆ ಆಹಾರ, ಆಯುಧ ಒದಗಿಸುತ್ತಿದ್ದ ಮೂರು ವರ್ಷ. ಒಂದು ಸಾಧಾರಣ ಕಾರ್ಖಾನೆಯಲ್ಲೂ ಬಾಯ್ಲರ್ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಯಾರಾದರೂ ಓಡಿ ಬರ್ತಾರೆ. ಶ್ವೇತಭವನದಲ್ಲಿ ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನೋದಕ್ಕೆ ಎರಡು ಉತ್ತರ ಇವೆ. ಒಂದು ವೈದ್ಯಕೀಯದ್ದು, ಇನ್ನೊಂದು ರಾಜಕೀಯದ್ದು. ಎರಡೂ ಅವರ ಬದುಕಿನೊಳಗೇ ಹೆಣೆದುಕೊಂಡಿವೆ.

ರೂಸ್‌ವೆಲ್ಟ್ ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನ ಜಮೀನ್ದಾರಿ ಮನೆತನದಲ್ಲಿ. ಉಣ್ಣೋದಕ್ಕೆ ಉಡೋದಕ್ಕೆ ಏನೂ ಕೊರತೆಯಿಲ್ಲದ ಬಾಲ್ಯ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಧ್ಯಕ್ಷ ವುಡ್ರೋ ವಿಲ್ಸನ್ ಸರ್ಕಾರದಲ್ಲಿ ನೌಕಾಪಡೆಯ ಸಹಾಯಕ ಕಾರ್ಯದರ್ಶಿ. ಇಲ್ಲೇ ಕಥೆಯ ಮೊದಲ ಸ್ಟ್ರೋಕ್ ಬರುತ್ತೆ. 1919ರ ಅಕ್ಟೋಬರ್ 2ರಂದು ವಿಲ್ಸನ್ ಅವರ ಎಡಭಾಗ ಬಿದ್ದುಹೋಯಿತು. ಪತ್ನಿ ಎಡಿತ್ ಮತ್ತು ಖಾಸಗಿ ವೈದ್ಯ ಸೇರಿಕೊಂಡು ಮಲಗುವ ಕೋಣೆಯ ಬಾಗಿಲು ಮುಚ್ಚಿದರು. ಯಾವ ಕಡತ ಒಳಗೆ ಹೋಗಬೇಕು, ಯಾರು ಒಳಗೆ ಬರಬೇಕು ಎಲ್ಲವೂ ಅವರಿಬ್ಬರ ಕೈಯಲ್ಲಿ. ಅಮೆರಿಕ ರಾಷ್ಟ್ರಸಂಘಕ್ಕೆ ಸೇರಬೇಕೋ ಬೇಡವೋ ಎಂಬ ಶತಮಾನದ ದೊಡ್ಡ ಪ್ರಶ್ನೆ ಸೆನೆಟ್‌ನಲ್ಲಿ ಸೋತಿದ್ದು ಇದೇ ತಿಂಗಳುಗಳಲ್ಲಿ. ಮರುವರ್ಷ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದ ರೂಸ್‌ವೆಲ್ಟ್ ಜುಲೈನಲ್ಲಿ ಶ್ವೇತಭವನಕ್ಕೆ ಹೋಗಿ ವಿಲ್ಸನ್ ಅವರನ್ನು ಕಂಡರು. ಅಂದರೆ ಸ್ಟ್ರೋಕ್ ಒಬ್ಬ ಅಧ್ಯಕ್ಷನನ್ನು ಏನು ಮಾಡುತ್ತೆ ಅಂತ ಅವರಿಗೆ ಕಣ್ಣಾರೆ ಗೊತ್ತಿತ್ತು.

ಆ ಚುನಾವಣೆ ಸೋತರು. 1921ರ ಆಗಸ್ಟ್‌ನಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ಬಂದು ಎರಡೂ ಕಾಲು ಹೋದವು. ಅಲ್ಲಿಂದ ಎದ್ದು 1928ರಲ್ಲಿ ನ್ಯೂಯಾರ್ಕ್ ಗವರ್ನರ್ ಚುನಾವಣೆ, 1932ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದಿದ್ದು ಸಣ್ಣ ಮಾತಲ್ಲ. ಆದರೆ ಗೆಲ್ಲುವಾಗ ಒಂದು ಒಪ್ಪಂದವೂ ಆಗಿಹೋಯಿತು, ಬಾಯಿಮಾತಿನಲ್ಲೂ ಹೇಳದ ಒಪ್ಪಂದ. ಅವರನ್ನು ಗಾಲಿಕುರ್ಚಿಯಲ್ಲಿ, ಕಾರಿನಿಂದ ಎತ್ತಿ ಇಳಿಸುವಾಗ ಫೋಟೊಗ್ರಾಫರುಗಳು ಕ್ಲಿಕ್ ಮಾಡುತ್ತಿರಲಿಲ್ಲ. ಯಾರಾದರೂ ಹೊಸಬ ಕ್ಯಾಮೆರಾ ಎತ್ತಿದರೆ ಅಡ್ಡ ನಿಲ್ಲುವವರೂ ಇದ್ದರು. ಅಂಗವಿಕಲರನ್ನು ಅಸಮರ್ಥರೆಂದೇ ನೋಡುತ್ತಿದ್ದ ಸಮಾಜದಲ್ಲಿ ಇದನ್ನು ಆತ್ಮರಕ್ಷಣೆ ಅನ್ನಬಹುದು, ನಾನೂ ಹಾಗೇ ಅಂತೀನಿ. ಆದರೆ ಕಾಲನ್ನು ಮುಚ್ಚಿಡಲು ಕಲಿತ ಪತ್ರಿಕಾರಂಗಕ್ಕೆ ಮುಂದೆ ಹೃದಯವನ್ನು ಮುಚ್ಚಿಡೋದು ಕಷ್ಟವಾಗಲಿಲ್ಲ.

ಮಹಾ ಆರ್ಥಿಕ ಕುಸಿತದ ಮಧ್ಯೆ ಅವರು ಮಾಡಿದ್ದು ನಿಮಗೆ ಗೊತ್ತು: ಉದ್ಯೋಗ ಯೋಜನೆಗಳು, ಬ್ಯಾಂಕುಗಳ ಮೇಲೆ ಲಗಾಮು, 1935ರ ಸಾಮಾಜಿಕ ಭದ್ರತಾ ಕಾಯ್ದೆ. ಆ ಕಾಯ್ದೆಯಲ್ಲಿ ಆರೋಗ್ಯ ವಿಮೆಯನ್ನೂ ಸೇರಿಸುವ ಮಾತು ಇತ್ತು. ವೈದ್ಯರ ಸಂಘದ ವಿರೋಧಕ್ಕೆ ಹೆದರಿ ಕೈಬಿಟ್ಟರು. ಕಪ್ಪು ಪುಟಗಳೂ ಇವೆ. 1942ರ ಆದೇಶವೊಂದರಿಂದ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿದರು. ಅದೇ ವರ್ಷ ಭಾರತಕ್ಕೆ ಸ್ವರಾಜ್ಯ ಕೊಡಿ ಅಂತ ಚರ್ಚಿಲ್ ಮೇಲೆ ಒತ್ತಡ ಹಾಕಿ, ದೆಹಲಿಗೆ ತಮ್ಮ ಪ್ರತಿನಿಧಿಯಾಗಿ ಲೂಯಿ ಜಾನ್ಸನ್ ಅವರನ್ನು ಕಳಿಸಿದರು. ಚರ್ಚಿಲ್ ಸಿಟ್ಟಾದ ಮೇಲೆ ಸುಮ್ಮನಾದರು.

ಈಗ ಬಿಪಿಗೆ ಬರೋಣ. ಅಧ್ಯಕ್ಷರ ಖಾಸಗಿ ವೈದ್ಯ ಅಡ್ಮಿರಲ್ ರಾಸ್ ಮ್ಯಾಕಿಂಟೈರ್ ಕಿವಿ-ಮೂಗು-ಗಂಟಲು ತಜ್ಞ. ರೂಸ್‌ವೆಲ್ಟ್‌ಗೆ ಸೈನಸ್ ತೊಂದರೆ ಇತ್ತು, ಹಾಗಾಗಿ ಆಯ್ಕೆ. 1944ರ ವಸಂತದಲ್ಲಿ ಅಪ್ಪ ಸೊರಗಿರುವುದನ್ನು, ರಾತ್ರಿ ಉಸಿರಿಗೆ ಒದ್ದಾಡುವುದನ್ನು ನೋಡಿ ಮಗಳು ಆನಾ ಒತ್ತಾಯಿಸಿದ್ದರಿಂದ ಮಾರ್ಚ್ ಕೊನೆಗೆ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ ಹೊವರ್ಡ್ ಬ್ರೂನ್ ಪರೀಕ್ಷೆ ಮಾಡಿದರು. ಬಿಪಿ 186/108. ಹೃದಯ ಹಿಗ್ಗಿದೆ, ಶ್ವಾಸಕೋಶದಲ್ಲಿ ನೀರು, ಹೃದಯ ಸೋಲುತ್ತಿದೆ. ಬ್ರೂನ್‌ಗೆ ಬಂದ ಆದೇಶ: ರೋಗಿಗೂ ಹೇಳಬೇಡ. ರೋಗಿಯೂ ಕೇಳಲಿಲ್ಲ. ದಿನಾ ಬಂದು ಬಿಪಿ ನೋಡುವ ಈ ಯುವ ಅಧಿಕಾರಿ ಹೃದಯದ ಡಾಕ್ಟರ್ ಅಂತ ಗೊತ್ತಿದ್ದೂ ಬಿಪಿ ಎಷ್ಟು ಅಂತ ಒಂದು ದಿನವೂ ವಿಚಾರಿಸಲಿಲ್ಲ. ಒಂದೆರಡು ವಾರಕ್ಕೇ ಮ್ಯಾಕಿಂಟೈರ್ ಪತ್ರಕರ್ತರ ಮುಂದೆ ಬಂದು, ಆ ವಯಸ್ಸಿಗೆ ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆ ಅಂದುಬಿಟ್ಟರು.

ಇಲ್ಲಿ ಡಾಕ್ಟರುಗಳ ಮೇಲೆ ಪೂರ್ತಿ ಗೂಬೆ ಕೂರಿಸಲು ನಾನು ತಯಾರಿಲ್ಲ. ಆ ಕಾಲದಲ್ಲಿ ದೊಡ್ಡ ದೊಡ್ಡ ಹೃದ್ರೋಗ ತಜ್ಞರೇ ಏರಿದ ಬಿಪಿ ದೇಹಕ್ಕೆ ಬೇಕಾಗಿಯೇ ಏರಿದ್ದು ಅಂತ ನಂಬಿದ್ದರು. ವಯಸ್ಸಾದಂತೆ ರಕ್ತನಾಳ ಕಿರಿದಾಗುತ್ತೆ, ಅದರೊಳಗೆ ರಕ್ತ ನುಗ್ಗಿಸಲು ಒತ್ತಡ ಬೇಕೇ ಬೇಕು, ಇಳಿಸಿದರೆ ಅಪಾಯ ಎಂಬ ತರ್ಕ. ಕಾರಣ ಗೊತ್ತಿಲ್ಲದ ಬಿಪಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಅಂಟಿಕೊಂಡಿರುವ ಎಸೆನ್ಷಿಯಲ್ ಎಂಬ ವಿಶೇಷಣ, ಅಂದರೆ ಅತ್ಯಗತ್ಯ, ಆ ಕಾಲದ ಉಳಿಕೆ. ಬ್ರೂನ್ ಕೈಯಲ್ಲಿ ಇದ್ದದ್ದು ಹೃದಯಕ್ಕೆ ಡಿಜಿಟಾಲಿಸ್, ನಿದ್ದೆಗೆ ಮಾತ್ರೆ, ಉಪ್ಪು ಕಮ್ಮಿ ಊಟ, ಸಿಗರೇಟ್ ಇಳಿಸಿ ಎಂಬ ಸಲಹೆ, ವಿಶ್ರಾಂತಿ. ಡಿಜಿಟಾಲಿಸ್‌ನಿಂದ ಉಸಿರಾಟ ಸುಧಾರಿಸಿತು. ಬಿಪಿ ಕೇಳಲಿಲ್ಲ.

ಕೇಳಿಸುವ ಒಂದು ಬೇರು ನಮ್ಮಲ್ಲಿತ್ತು. ಕೊಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಸರ್ಪಗಂಧಿ ಬೇರು ಬಿಪಿ ಇಳಿಸುತ್ತೆ ಅಂತ ಪ್ರಕಟಿಸಿದ್ದರು. ನಮ್ಮ ಪಶ್ಚಿಮಘಟ್ಟದ ಕಾಡಲ್ಲೂ ಬೆಳೆಯುವ ಗಿಡ ಅದು. ಭಾರತದ ನಿಯತಕಾಲಿಕದಲ್ಲಿ ಬಂದ ಆ ವರದಿಯನ್ನು ಪಶ್ಚಿಮದವರು ತಿರುಗಿ ನೋಡಲಿಲ್ಲ. ಮುಂಬೈನ ರುಸ್ತುಂ ಜಲ್ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕ ನೋಡಿತು. ಅದು 1949. ರೂಸ್‌ವೆಲ್ಟ್ ತೀರಿ ನಾಲ್ಕು ವರ್ಷ ಆಗಿತ್ತು.

1944ರ ನವೆಂಬರ್ ಚುನಾವಣೆಗೆ ಮುಂಚೆ ಅಧ್ಯಕ್ಷರಿಗೆ ಹುಷಾರಿಲ್ಲ ಎಂಬ ಗುಸುಗುಸು ಜೋರಾಯಿತು. ಅಕ್ಟೋಬರ್ 21ರಂದು ಸುರಿವ ಮಳೆಯಲ್ಲಿ ತೆರೆದ ಕಾರಿನಲ್ಲಿ ಕೂತು ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ತಾಸುಗಟ್ಟಲೆ ತೊಯ್ದುಕೊಂಡೇ ಮೆರವಣಿಗೆ ಹೋದರು. ಲಕ್ಷಾಂತರ ಜನ ನೋಡಿದರು, ಗುಸುಗುಸು ನಿಂತಿತು, ನಾಲ್ಕನೇ ಬಾರಿ ಗೆದ್ದರು. ಇಂಥ ರೋಡ್ ಶೋ ನಮಗೇನು ಹೊಸದಲ್ಲ ಬಿಡಿ. ಅದೇ ನವೆಂಬರ್ ಕೊನೆಗೆ ಬ್ರೂನ್ ದಾಖಲಿಸಿದ ಒಂದು ಅಂಕಿ 260/150.

ಯಾಲ್ಟಾದಲ್ಲಿ ಕಾಯಿಲೆಯ ರೂಸ್‌ವೆಲ್ಟ್ ಪೋಲೆಂಡನ್ನು ಸ್ಟಾಲಿನ್‌ಗೆ ಒಪ್ಪಿಸಿಬಿಟ್ಟರು ಎಂಬ ವಾದ ಅಮೆರಿಕದ ಬಲಪಂಥೀಯರಲ್ಲಿ ಬಹಳ ಕಾಲ ಓಡಿತು. ನನಗೆ ಅದು ಸೋಮಾರಿ ವಾದ ಅನ್ನಿಸುತ್ತೆ. ಆ ಹೊತ್ತಿಗೆ ಕೆಂಪು ಸೇನೆ ಪೋಲೆಂಡಿನೊಳಗೇ ಇತ್ತು. 120/80 ಬಿಪಿಯ ಅಧ್ಯಕ್ಷರಾಗಿದ್ದರೂ ಅದನ್ನು ವಾಪಸ್ ಕಳಿಸಲು ಆಗುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ, ಬಂಗಾಳದ ಕ್ಷಾಮದ ಬೆನ್ನಿಗೆ, ಭಾರತಕ್ಕೆ ಆಸ್ಟ್ರೇಲಿಯಾದ ಗೋಧಿ ಸಾಗಿಸಲು ಹಡಗು ಕೊಡಿ ಅಂತ ಚರ್ಚಿಲ್ ಕೇಳಿದಾಗ ಇಲ್ಲ ಅಂದದ್ದೂ ಇದೇ ರೂಸ್‌ವೆಲ್ಟ್. ಅದನ್ನೂ ಬಿಪಿ ತಲೆಗೆ ಕಟ್ಟಲು ಬರಲ್ಲ. ನಿಜವಾದ ನಷ್ಟ ಬೇರೆ ಕಡೆ ಆಯಿತು. ಇನ್ನೆಷ್ಟು ದಿನ ಅಂತ ಗೊತ್ತಿಲ್ಲದ ಅಧ್ಯಕ್ಷರ ಪಕ್ಕದಲ್ಲಿದ್ದ ಉಪಾಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಯಾರೂ ಏನೂ ಹೇಳಲಿಲ್ಲ. ಉಪಾಧ್ಯಕ್ಷರಾಗಿದ್ದು 82 ದಿನ. ಅಣುಬಾಂಬ್ ಯೋಜನೆಯ ವಿವರ ಅವರಿಗೆ ತಿಳಿದಿದ್ದು ಅಧ್ಯಕ್ಷರಾದ ಮೇಲೆ. ನಾಲ್ಕು ತಿಂಗಳು ತುಂಬುವ ಮೊದಲೇ ಹಿರೋಶಿಮಾ.

1945ರ ಏಪ್ರಿಲ್ 12. ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್, ಪೋಲಿಯೊ ಚಿಕಿತ್ಸೆಗೆಂದು ಅವರು ವರ್ಷಗಳಿಂದ ಹೋಗುತ್ತಿದ್ದ ಊರು. ಎಲಿಜಬೆತ್ ಶುಮಾಟೋಫ್ ಎಂಬ ಕಲಾವಿದೆ ಎದುರಿಗೆ ಕೂತು ಚಿತ್ರ ಬರೆಯುತ್ತಿದ್ದರು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಅಂದರು, ಕುಸಿದರು. ಬ್ರೂನ್ ಬಂದು ನೋಡಿದಾಗ ಬಿಪಿ ಮುನ್ನೂರು ದಾಟಿತ್ತು, ಕೆಳಗಿನ ಅಂಕಿ 190. 3.35ಕ್ಕೆ ಪ್ರಾಣ ಹೋಯಿತು. ಮೆದುಳಿನಲ್ಲಿ ಭಾರೀ ರಕ್ತಸ್ರಾವ.

ವಿಲ್ಸನ್‌ದೂ ಸ್ಟ್ರೋಕ್, ಇದೂ ಸ್ಟ್ರೋಕ್. ಆದರೆ ಒಂದರಲ್ಲಿ ಪೈಪ್ ಕಟ್ಟಿಕೊಂಡಿದೆ, ಇನ್ನೊಂದರಲ್ಲಿ ಪೈಪ್ ಒಡೆದಿದೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಆ ಭಾಗದ ಮೆದುಳು ಆಮ್ಲಜನಕವಿಲ್ಲದೆ ಸಾಯುತ್ತೆ. ನಾಳ ಒಡೆದರೆ ಹೊರಬಂದ ರಕ್ತ ಮೆದುಳನ್ನೇ ಒತ್ತುತ್ತೆ. ತಲೆಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲ. ಹೊರಗಿಂದ ಎರಡೂ ಒಂದೇ ಥರ ಕಾಣಬಹುದು: ಬಾಯಿ ಸೊಟ್ಟ, ಕೈ ಬಿದ್ದಿದೆ, ಮಾತು ತೊದಲು. ಬೇರೆ ಮಾಡಿ ತೋರಿಸುವ ಸಿಟಿ ಸ್ಕ್ಯಾನ್ ಮೊದಲ ರೋಗಿಯ ಮೇಲೆ ನಡೆದದ್ದು 1971ರಲ್ಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುತ್ತೆ ಅಂತ ದೊಡ್ಡ ಪ್ರಯೋಗ ಸಾಬೀತು ಮಾಡಿದ್ದು 1995ರಲ್ಲಿ. ಈಗ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ತಾರೆ. ದೊಡ್ಡ ನಾಳದ ಹೆಪ್ಪನ್ನು ತೊಡೆಯ ನಾಳದಿಂದ ತಂತಿ ಕಳಿಸಿ ಎಳೆದು ತೆಗೆಯುವ ವಿಧಾನ 2015ರ ನಂತರ ನೆಲೆಯೂರಿತು. ಅದೇ ಇಂಜೆಕ್ಷನ್ನನ್ನು ರೂಸ್‌ವೆಲ್ಟ್ ಥರದ ರಕ್ತಸ್ರಾವಕ್ಕೆ ಕೊಟ್ಟರೆ ಕೊಂದಂತೆ. ಸ್ಕ್ಯಾನ್ ಆಗದೆ ಯಾವ ಡಾಕ್ಟರೂ ಮುಟ್ಟೋದಿಲ್ಲ. ಸೊಪ್ಪಿನ ಔಷಧಿ ಅಂತ ಊರೂರು ಅಲೆದು ಮಾರನೇ ದಿನ ಆಸ್ಪತ್ರೆಗೆ ತರುವ ನಮ್ಮವರಿಗೆ ಈ ಗಡಿಯಾರದ ಲೆಕ್ಕ ಇನ್ನೂ ಮುಟ್ಟಿಲ್ಲ.

ರಕ್ತಸ್ರಾವದ ಕಡೆ ಪ್ರಗತಿ ನಿಧಾನ. ತಲೆ ತೆರೆದು ರಕ್ತ ತೆಗೆದರೆ ಬದುಕ್ತಾರೆ ಅಂತ ನಂಬಿ ಮಾಡಿದ 2005ರ ದೊಡ್ಡ ಅಧ್ಯಯನ ನಿರಾಸೆ ತಂದಿತು. ಬಿಪಿಯನ್ನು ತಕ್ಷಣ 140ರ ಆಸುಪಾಸಿಗೆ ಇಳಿಸಿ, ಸಕ್ಕರೆ, ಜ್ವರ, ರಕ್ತ ತೆಳುವಾಗಿಸುವ ಮಾತ್ರೆಗಳ ಪರಿಣಾಮ ಎಲ್ಲವನ್ನೂ ಒಟ್ಟಿಗೇ ಹಿಡಿತಕ್ಕೆ ತಂದರೆ ಲಾಭವಿದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೊದಲ ಗಂಟೆ ಗೆದ್ದರೂ ಮೆದುಳಿನ ಊತ, ನುಂಗಲಾಗದೆ ಆಹಾರ ಶ್ವಾಸಕೋಶಕ್ಕೆ ಹೋಗಿ ಬರುವ ನ್ಯುಮೋನಿಯಾ, ಫಿಟ್ಸ್, ಕಾಲಿನ ನಾಳದಲ್ಲಿ ಹೆಪ್ಪು ಸಾಲುಗಟ್ಟಿ ನಿಂತಿರುತ್ತವೆ. ಆ ಮಧ್ಯಾಹ್ನ ಇವತ್ತಿನ ಐಸಿಯು ಪಕ್ಕದಲ್ಲೇ ಇದ್ದರೂ ರೂಸ್‌ವೆಲ್ಟ್ ಉಳಿಯೋದು ಅನುಮಾನ. ಉಳಿಸಬೇಕಿದ್ದದ್ದು 1937ರಲ್ಲಿ.

ಅದನ್ನು ಕಲಿಸಿದ ಸಂಶೋಧನೆಗೆ ದುಡ್ಡು ಬಂದದ್ದು ಅವರು ಸತ್ತ ಮೇಲೆ. 1948ರಲ್ಲಿ ಟ್ರೂಮನ್ ರಾಷ್ಟ್ರೀಯ ಹೃದಯ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಅಧ್ಯಯನ ಶುರುವಾಗಿ, 5,209 ಜನರನ್ನು ದಶಕಗಟ್ಟಲೆ ಹಿಂಬಾಲಿಸಿತು. ಬಿಪಿ ಅತ್ಯಗತ್ಯವಲ್ಲ, ಅದು ಸ್ಟ್ರೋಕಿನ ದಾರಿ ಅಂತ ಅಲ್ಲಿನ ಅಂಕಿಗಳು ಹೇಳಿದವು. ಇಳಿಸಿದರೆ ಉಳಿಯುತ್ತಾರಾ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1967ರಲ್ಲಿ, ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 143 ಗಂಡಸರ ಮೇಲೆ ನಡೆದ ಪ್ರಯೋಗದಿಂದ. ಬರೀ ಹುಸಿಮಾತ್ರೆ ಪಡೆದವರಲ್ಲಿ 27 ಗಂಭೀರ ಅನಾಹುತ, ಔಷಧಿ ಪಡೆದವರಲ್ಲಿ ಎರಡು. ಕೊಟ್ಟ ಮೂರು ಔಷಧಿಗಳಲ್ಲಿ ಒಂದು ರಿಸರ್ಪಿನ್, ಅದೇ ಸರ್ಪಗಂಧಿಯಿಂದ ತೆಗೆದದ್ದು.

ಅದೇ 1967ರಲ್ಲಿ ಅಮೆರಿಕ ಸಂವಿಧಾನದ 25ನೇ ತಿದ್ದುಪಡಿಯೂ ಜಾರಿಗೆ ಬಂತು. ಅಧ್ಯಕ್ಷರಿಗೆ ಕೆಲಸ ಮಾಡಲಾಗದಿದ್ದರೆ ಅಧಿಕಾರ ಉಪಾಧ್ಯಕ್ಷರಿಗೆ ಹೋಗುವ ದಾರಿ ಅದು. ಆದರೆ ಅಧ್ಯಕ್ಷರ ಕಾಯಿಲೆಯನ್ನು ಜನರಿಗೆ ಹೇಳಲೇಬೇಕು ಅಂತ ಅದರಲ್ಲಿಲ್ಲ. ಚರ್ಚಿಲ್‌ಗೆ 1953ರಲ್ಲಿ ಪ್ರಧಾನಿಯಾಗಿದ್ದಾಗಲೇ ಸ್ಟ್ರೋಕ್ ಆಗಿದ್ದನ್ನು ಪತ್ರಿಕೆಗಳ ಮಾಲೀಕರೇ ಸೇರಿ ಮುಚ್ಚಿಟ್ಟರು. 1964ರ ಜನವರಿಯಲ್ಲಿ ಭುವನೇಶ್ವರದ ಕಾಂಗ್ರೆಸ್ ಅಧಿವೇಶನದಲ್ಲಿ ನೆಹರೂ ಅವರಿಗೆ ಸ್ಟ್ರೋಕ್ ಆಯಿತು. ಅಷ್ಟು ಜನರ ನಡುವೆ ಆದ್ದರಿಂದ ಮುಚ್ಚಿಡಲು ಆಗಲಿಲ್ಲ, ಶಾಸ್ತ್ರಿಯವರನ್ನು ಸಂಪುಟಕ್ಕೆ ಕರೆಸಿ ಕೆಲಸ ಹಂಚಿದರು. ಆದರೆ ನಮ್ಮಲ್ಲೂ ಇಂಥ ಕಾನೂನು ಇಲ್ಲ. ಮುಖ್ಯಮಂತ್ರಿಯೊಬ್ಬರು ಆಸ್ಪತ್ರೆ ಸೇರಿದರೆ ನಮಗೆ ಸಿಗೋದು ರೂಟೀನ್ ಚೆಕಪ್ ಎಂಬ ಎರಡು ಸಾಲು. ಕೇಳಿದರೆ ಖಾಸಗಿತನ ಅಂತಾರೆ. ಮೂಲವ್ಯಾಧಿಯೋ ಮಂಡಿನೋವೋ ಆದರೆ ನಾನೂ ಕೇಳಲ್ಲ. ಆದರೆ ಮುಂದಿನ ಐದು ವರ್ಷಕ್ಕೆ ಮತ ಕೇಳಲು ಬಂದವರ ಹೃದಯ ಸೋಲುತ್ತಿದೆ ಅಂತ ಅವರ ಡಾಕ್ಟರಿಗೆ ಗೊತ್ತಿದ್ದರೆ, ಅದು ಮತಪತ್ರದ ಮೇಲಿರಬೇಕಾದ ಮಾಹಿತಿ ಅಂತ ನನ್ನ ವಾದ.

ಬ್ರೂನ್ ತಮ್ಮ ಟಿಪ್ಪಣಿಗಳನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು 1970ರಲ್ಲಿ. ನಾನು ಮೇಲೆ ಕೊಟ್ಟ ಅಂಕಿಗಳು ಹೊರಬಂದದ್ದು ಹಾಗೆ. ಬೆಥೆಸ್ಡಾ ಆಸ್ಪತ್ರೆಯ ತಿಜೋರಿಯಲ್ಲಿದ್ದ ರೂಸ್‌ವೆಲ್ಟ್ ಅವರ ಮೂಲ ವೈದ್ಯಕೀಯ ಕಡತ ಅವರು ತೀರಿಕೊಂಡ ಮೇಲೆ ಕಾಣೆಯಾಯಿತು. ಇವತ್ತಿಗೂ ಸಿಕ್ಕಿಲ್ಲ.