ಸುಸಾನಾ ವೆಸ್ಲಿ
ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನ ಹೆಸರನ್ನು ಕೇಳಿದವರು ಅನೇಕರು. ಆ ಹೆಸರಿಗೆ ಕಾರಣರಾದವರ ತಾಯಿಯನ್ನು ಬಲ್ಲವರು ವಿರಳ. 1669ರಲ್ಲಿ ಲಂಡನ್ನಿನಲ್ಲಿ ಜನಿಸಿದ ಸುಸಾನಾ, ಎಪ್‌ವರ್ತ್ ಊರಿನ ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯವರ ಧರ್ಮಪತ್ನಿ. ಹೆತ್ತ 19 ಮಕ್ಕಳಲ್ಲಿ ಸುಮಾರು 10 ಮಂದಿ ಉಳಿದರು. 1705ರಲ್ಲಿ ಪತಿಯು ಸಾಲಕ್ಕಾಗಿ ಸೆರೆ ಸೇರಿದರು. 1709ರಲ್ಲಿ ಮನೆ ಸುಟ್ಟುಹೋಯಿತು. ಆದರೂ ಮಕ್ಕಳಿಗೆ ತಾವೇ ಪಾಠ ಹೇಳಿದರು; ಓದು ಬಾರದೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಕೂಡದೆಂಬುದು ಆಕೆಯ ನಿಯಮ.

1712ರಲ್ಲಿ ಪತಿಯು ಲಂಡನ್ನಿನಲ್ಲಿದ್ದಾಗ ಆಕೆಯ ಭಾನುವಾರದ ಪ್ರಾರ್ಥನೆಗೆ ಇನ್ನೂರು ಮಂದಿ ನೆರೆದರು. ಪತಿಯು ಆಕ್ಷೇಪಿಸಲು, ಸ್ಪಷ್ಟವಾಗಿ ಆಜ್ಞಾಪಿಸಿ ದೇವರೆದುರು ಹೊಣೆಯನ್ನೂ ತಾವೇ ಹೊರಬೇಕೆಂದು ಉತ್ತರವಿತ್ತರು. 1742ರಲ್ಲಿ ಆಕೆ ತೀರಿಕೊಂಡಾಗ ಪುತ್ರರಾದ ಜಾನ್, ಚಾರ್ಲ್ಸರ ಮೆಥಡಿಸ್ಟ್ ಪಂಥವು ಹಬ್ಬುತ್ತಿತ್ತು. ಉಪದೇಶಪೀಠವನ್ನೇರುವ ಅಧಿಕಾರವಿಲ್ಲದ ಈ ಮಾತೆಯ ಮನೆಯನ್ನೇ ಅದರ ಮೊದಲ ಪಾಠಶಾಲೆಯೆಂದು ನಾವು ಎಣಿಸುತ್ತೇವೆ.